ನನಗೆ ಓಟಿಲ್ಲ, ಆದ್ರೂ ನನ್ನ ಬೆಂಬಲ ಖರ್ಗೆಯವರಿಗೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾಳೆ 2022ರ ಅಕ್ಟೋಬರ್ 17, ಸೋಮವಾರ. ಕಾಂಗ್ರೆಸ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಮತದಾನ. 2000ನೇ ಇಸವಿಯಲ್ಲಿ ಸೋನಿಯಾ ಗಾಂಧಿ ಎದುರು ಜಿತೇಂದ್ರ ಪ್ರಸಾದ ನಿಂತಿದ್ರಲ್ಲ, ಅದಾದ 22 ವರ್ಷಕ್ಕೆ ಈಗ ಮತ್ತೆ ಆ ಕುರ್ಚಿಗೆ ಓಟು ಬೀಳ್ತಿದೆ. ಒಂದು ಕಡೆ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ, ಇನ್ನೊಂದು ಕಡೆ ತಿರುವನಂತಪುರದ ಸಂಸದ ಶಶಿ ತರೂರ್. ಓಟು ಹಾಕೋರು ಇಡೀ ದೇಶದಲ್ಲಿ ಒಂಬತ್ತು ಸಾವಿರ ಚಿಲ್ಲರೆ ಪ್ರತಿನಿಧಿಗಳು ಮಾತ್ರ. ನಾನು ಅವರಲ್ಲಿ ಒಬ್ಬ ಅಲ್ಲ. ಕಾಂಗ್ರೆಸ್ಸಿನ ಸದಸ್ಯನೂ ಅಲ್ಲ. ಆ ಪಕ್ಷದ ವಿರುದ್ಧ ತುಮಕೂರು ಡಿಸಿ ಆಫೀಸ್ ಮುಂದೆ ಎಷ್ಟು ಸಲ ಧಿಕ್ಕಾರ ಕೂಗಿದ್ದೀನಿ ಅನ್ನೋದು ಈ ಪೋಸ್ಟ್ ಓದ್ತಿರೋ ಅರ್ಧ ಜನಕ್ಕೆ ಗೊತ್ತು. ನನ್ನ ಪಕ್ಕದಲ್ಲೇ ನಿಂತು ಕೂಗಿದವರು ನೀವು.

ಆದ್ರೂ ಎರಡು ವಾರದಿಂದ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಖರ್ಗೆಯವರ ಫೋಟೋ ಹಾಕ್ತಿದ್ದೀನಿ. ಅವರು ಗೆಲ್ಲಬೇಕು ಅಂತ ನನಗೆ ಬಹಳ ಆಸೆ ಇದೆ. ಅದನ್ನ ಮುಚ್ಚಿಟ್ಕೊಳ್ಳೋ ಅಗತ್ಯ ನನಗೆ ಕಾಣಲ್ಲ.

ಇದಕ್ಕೆ ನನಗೆ ಸಿಕ್ಕ ಬಹುಮಾನ ಏನು ಗೊತ್ತಾ? ಮೊನ್ನೆ 14ನೇ ತಾರೀಕು, ಧಮ್ಮಚಕ್ರ ಪ್ರವರ್ತನ ದಿನ, ತುಮಕೂರಲ್ಲಿ ಎಲ್ಲ ಸೇರಿದ್ವಿ. ಬುದ್ಧವಂದನೆ ಮುಗಿದು ಟೀ ಕುಡೀತಿರೋವಾಗ ಒಬ್ಬ ಗೆಳೆಯ ಎಲ್ಲರ ಮುಂದೆ ನಕ್ಕು ಅಂದ: "ಏನಣ್ಣಾ, ರಬ್ಬರ್ ಸ್ಟಾಂಪಿಗೆ ಇಂಕ್ ಹಾಕೋ ಕೆಲಸ ನಿಂಗೆ ಸಿಕ್ಕಿದೆಯಂತೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಲ್ಲಿ ಬರ್ತಾ ಮಾತ್ರ ಹೊಟ್ಟೆ ಉರೀತಾ ಇತ್ತು. ಅವತ್ತು ಕೊಡಬೇಕಾಗಿದ್ದ ಉತ್ತರ ಇವತ್ತು ಬರೀತಿದ್ದೀನಿ.

ಮೊದಲು ಈ ರಬ್ಬರ್ ಸ್ಟಾಂಪ್ ವಿಚಾರ.

ಕಾಂಗ್ರೆಸ್ಸಿನ ಮೇಲೆ ಒಂದು ಕುಟುಂಬದ ನೆರಳು ಇದೆ. ಇಲ್ಲ ಅಂತ ನಾನೆಲ್ಲಿ ಹೇಳಿದೆ? ಖರ್ಗೆಯವರು ಆ ಕುಟುಂಬಕ್ಕೆ ಒಪ್ಪಿಗೆ ಆಗಿರೋ ಹೆಸರು ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು. ಆದ್ರೆ ಒಂದು ತಿಂಗಳ ಹಿಂದೆ ನೀವು ಏನು ಬರೀತಿದ್ರಿ ಅಂತ ನಿಮ್ಮದೇ ಗೋಡೆ ಮೇಲೆ ಹೋಗಿ ನೋಡ್ಕೊಳ್ಳಿ. ಆಗ ಓಡಾಡ್ತಿದ್ದ ಹೆಸರು ರಾಜಸ್ಥಾನದ ಅಶೋಕ್ ಗೆಹ್ಲೋಟ್. ಅವರೂ ಅದೇ ಕುಟುಂಬ ಒಪ್ಪಿದ ಹೆಸರೇ. ಅವರಿಗೆ ನೀವು "ಅನುಭವಿ", "ಸಂಘಟಕ", "ರಾಜಕೀಯದ ಜಾದೂಗಾರ" ಅಂದ್ರಿ. ಸೆಪ್ಟೆಂಬರ್ 25ಕ್ಕೆ ಜೈಪುರದಲ್ಲಿ ಅವರ ಶಾಸಕರು ಹೈಕಮಾಂಡಿಗೇ ತಿರುಗಿಬಿದ್ದರು. ಗೆಹ್ಲೋಟ್ ಹಿಂದೆ ಸರಿದ್ರು, 30ಕ್ಕೆ ಖರ್ಗೆ ನಾಮಪತ್ರ ಹಾಕಿದ್ರು. ಅವತ್ತು ಸಾಯಂಕಾಲದಿಂದಲೇ "ಗುಲಾಮ", "ಕೈಗೊಂಬೆ", "ರಬ್ಬರ್ ಸ್ಟಾಂಪ್" ಶುರುವಾಯ್ತು. ಕುಟುಂಬ ಅದೇ, ಒಪ್ಪಿಗೆಯೂ ಅದೇ. ಬದಲಾಗಿದ್ದು ಯಾರ ಹೆಸರು ಅನ್ನೋದು ಮಾತ್ರ. ಮೇಲ್ಜಾತಿಯವರು ಹೀಗೆ ಮಾತಾಡಿದ್ರೆ ನನಗೆ ಆಶ್ಚರ್ಯ ಇಲ್ಲ. ನಮ್ಮವರ ಬಾಯಲ್ಲೂ ಅದೇ ಪದ ಇಷ್ಟು ಸಲೀಸಾಗಿ ಬರುತ್ತಲ್ಲ, ನನಗೆ ನೋವಾಗಿದ್ದು ಅದಕ್ಕೆ.

ಇದೇ 8ನೇ ತಾರೀಕು ಭಾರತ್ ಜೋಡೋ ಯಾತ್ರೆ ಮಾಯಸಂದ್ರದ ಮೇಲೆ ನಮ್ಮ ಜಿಲ್ಲೆಗೆ ಬಂತು. ತುರುವೇಕೆರೆಯಲ್ಲಿ ರಾಹುಲ್ ಗಾಂಧಿ ಪತ್ರಿಕಾಗೋಷ್ಠಿ ಮಾಡಿದ್ರು. ಇಬ್ಬರೂ ಅಭ್ಯರ್ಥಿಗಳು ದೊಡ್ಡವರು, ಯಾರನ್ನೇ ಆಗಲಿ ರಿಮೋಟ್ ಕಂಟ್ರೋಲ್ ಅನ್ನೋದು ಅವರಿಗೆ ಮಾಡೋ ಅವಮಾನ ಅನ್ನೋ ಅರ್ಥದಲ್ಲಿ ಹೇಳಿದ್ರು. ಸಂತೋಷ. ಆದ್ರೆ ರಾಹುಲ್ ಅವರೇ, 50 ವರ್ಷ ರಾಜಕೀಯ ಮಾಡಿದ ಮನುಷ್ಯ ಯಾರ ಕೈಗೊಂಬೆನೂ ಅಲ್ಲ ಅಂತ ನೀವೇ ಸರ್ಟಿಫಿಕೇಟ್ ಕೊಡಬೇಕಾದ ಪರಿಸ್ಥಿತಿ ಬಂದಿದೆ ಅಂದ್ರೆ, ಆ ಪರಿಸ್ಥಿತಿ ತಂದವರು ಯಾರು ಅಂತಲೂ ಯೋಚನೆ ಮಾಡಿ.

ಈಗ 50 ವರ್ಷದ ಲೆಕ್ಕ ನೋಡೋಣ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ 1942ರಲ್ಲಿ ಹುಟ್ಟಿದವರು. ರಜಾಕಾರರ ಹಾವಳಿಯಲ್ಲಿ, ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ, ತಾಯಿಯನ್ನ ಬೆಂಕಿಗೆ ಕಳ್ಕೊಂಡವರು. ಗುಲಬರ್ಗಾದಲ್ಲಿ ಓದಿ ಲಾಯರ್ ಆಗಿ, ಎಂಎಸ್‌ಕೆ ಮಿಲ್ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರರಾಗಿದ್ದವರು. 1972ರಲ್ಲಿ ಗುರುಮಿಠಕಲ್‌ನಿಂದ ಮೊದಲ ಸಲ ಗೆದ್ದರು. ಅಲ್ಲಿ ಸತತ ಎಂಟು ಸಲ, 2008ರಲ್ಲಿ ಚಿತ್ತಾಪುರದಿಂದ ಒಂಬತ್ತನೇ ಸಲ. ಆಮೇಲೆ ಎರಡು ಸಲ ಲೋಕಸಭೆ. 2019ರಲ್ಲಿ ಮೊದಲ ಸೋಲು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ಬಂದಿದ್ದರಲ್ಲಿ ಅವರ ಪಾಲು ಎಷ್ಟು ಅಂತ ಆ ಕಡೆಯ ಹುಡುಗರನ್ನ ಕೇಳಿ. ಇಷ್ಟೆಲ್ಲ ಇದ್ದೂ ಮುಖ್ಯಮಂತ್ರಿ ಕುರ್ಚಿಗೆ ಅವರ ಹೆಸರು ಬಂದಾಗೆಲ್ಲ ಏನಾಯ್ತು? 1999ರಲ್ಲಿ ಎಸ್.ಎಂ. ಕೃಷ್ಣ. 2004ರಲ್ಲಿ ಧರಂ ಸಿಂಗ್. 2013ರಲ್ಲಿ ಸಿದ್ದರಾಮಯ್ಯ.

ಇದು ಖರ್ಗೆ ಒಬ್ಬರ ಕಥೆ ಅಲ್ಲ. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಕಳ್ಕೊಂಡಿದ್ದು 1973ರಲ್ಲಿ ಒಂದೇ ಒಂದು ಪದ ಆಡಿದ್ದಕ್ಕೆ: ಬೂಸಾ. ರಾಚಯ್ಯನವರು ಕಾದರು, ಕೆ.ಎಚ್. ರಂಗನಾಥ್ ಕಾದರು. ಆಂಧ್ರ 1960ರಲ್ಲೇ ದಾಮೋದರಂ ಸಂಜೀವಯ್ಯನವರನ್ನ ಮುಖ್ಯಮಂತ್ರಿ ಮಾಡ್ತು. ಬಿಹಾರ, ರಾಜಸ್ಥಾನ, ಉತ್ತರ ಪ್ರದೇಶ, ಮಹಾರಾಷ್ಟ್ರ, ಕಳೆದ ವರ್ಷ ಪಂಜಾಬ್ ಕೂಡ ದಲಿತ ಮುಖ್ಯಮಂತ್ರಿಯನ್ನ ಕಂಡಿವೆ. ಬಸವಣ್ಣನ ನಾಡು, ಶೇಕಡಾ 17ರಷ್ಟು ಪರಿಶಿಷ್ಟ ಜಾತಿಯವರಿರೋ ಕರ್ನಾಟಕ ಇವತ್ತಿನವರೆಗೂ ಒಬ್ಬರನ್ನೂ ಕಂಡಿಲ್ಲ.

ನಮ್ಮ ಜಿಲ್ಲೆಗೆ ಬನ್ನಿ. 11 ವಿಧಾನಸಭಾ ಕ್ಷೇತ್ರ, ಅದರಲ್ಲಿ ಮೀಸಲು ಎರಡು: ಕೊರಟಗೆರೆ, ಪಾವಗಡ. ಗುಬ್ಬಿ, ಕುಣಿಗಲ್ ಜನರಲ್ ಸೀಟು. ಅಲ್ಲಿ ನಮ್ಮ ಓಟು ಎಲ್ಲ ಪಕ್ಷಕ್ಕೂ ಬೇಕು, ನಮ್ಮವರಿಗೆ ಟಿಕೆಟ್ ಕೇಳಿ ನೋಡಿ ಗೊತ್ತಾಗುತ್ತೆ. 2013ರಲ್ಲಿ ಡಾ. ಪರಮೇಶ್ವರ್ ಕೆಪಿಸಿಸಿ ಅಧ್ಯಕ್ಷರು. ಪಕ್ಷ 122 ಸೀಟು ಗೆದ್ದು ಅಧಿಕಾರಕ್ಕೆ ಬಂತು. ಪಕ್ಷ ಗೆಲ್ಲಿಸಿದ ಅಧ್ಯಕ್ಷರು ಮಾತ್ರ ಕೊರಟಗೆರೆಯಲ್ಲಿ ಸೋತರು. ಮುಖ್ಯಮಂತ್ರಿ ಸ್ಥಾನದ ಮಾತೂ ಅವತ್ತೇ ಮುಗೀತು. ಒಳಏಟು ಅಂತ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಇವತ್ತಿಗೂ ಮಾತಾಡ್ತಾರೆ. ಕ್ಷೇತ್ರ ಮೀಸಲು, ಗೆಲುವು-ಸೋಲು ಮಾತ್ರ ಬೇರೆಯವರ ಕೈಯಲ್ಲಿ.

ಈ ಗಂಟು ಬಿದ್ದಿದ್ದು ಎಲ್ಲಿ ಅಂತ ನಿಮಗೆ ಗೊತ್ತು. ಪೂನಾ ಒಪ್ಪಂದ. ಕಳೆದ ಸೆಪ್ಟೆಂಬರ್ 24ಕ್ಕೆ ಸರಿಯಾಗಿ 90 ವರ್ಷ ಆಯ್ತು.

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುಂಚೆ ಪ್ರೈಮರಿ ಅಂತ ನಡೆಯುತ್ತಲ್ಲ, ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಸಾಮಾನ್ಯ ಮತದಾರರೇ ಓಟು ಹಾಕಿ ತೀರ್ಮಾನ ಮಾಡೋದು, ಅದನ್ನ ಟಿವಿಯಲ್ಲಿ ನೋಡಿ ನಾವು ಬಾಯಿ ಬಿಡ್ತೀವಿ. ಆದ್ರೆ 1932ರ ಪೂನಾ ಒಪ್ಪಂದದಲ್ಲೂ ಅಂಥದ್ದೇ ಒಂದು ಪ್ರೈಮರಿ ಇತ್ತು. ಮೀಸಲು ಕ್ಷೇತ್ರದಲ್ಲಿ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಓಟು ಹಾಕಿ ನಾಲ್ಕು ಜನರ ಪಟ್ಟಿ ಆರಿಸಬೇಕು. ಆಮೇಲೆ ಎಲ್ಲ ಜಾತಿಯವರೂ ಸೇರಿ ಆ ನಾಲ್ವರಲ್ಲಿ ಒಬ್ಬರನ್ನ ಆರಿಸಬೇಕು. ಇದಕ್ಕೆ ಹತ್ತು ವರ್ಷದ ವಾಯಿದೆ. ಪ್ರತ್ಯೇಕ ಮತಕ್ಷೇತ್ರ ಕಿತ್ಕೊಂಡು ಬಾಬಾಸಾಹೇಬರ ಕೈಗೆ ಕೊಟ್ಟಿದ್ದು ಆ ಪ್ರೈಮರಿ. ಆಮೇಲೆ ಅದೂ ಹೋಯ್ತು. ಸೀಟು ಉಳೀತು, ಆ ಸೀಟಿಗೆ ನಮ್ಮೊಳಗಿಂದ ಯಾರು ನಿಲ್ಲಬೇಕು ಅಂತ ನಾವೇ ಹೇಳೋ ಹಕ್ಕು ಉಳೀಲಿಲ್ಲ. ಕಾನ್ಶಿರಾಂ 1982ರಲ್ಲಿ, ಆ ಒಪ್ಪಂದಕ್ಕೆ 50 ವರ್ಷ ಆದಾಗ, 'ಚಮಚಾ ಯುಗ' ಬರೆದಿದ್ದು ಇದನ್ನೇ ಹೇಳೋಕೆ: ಬೇರೆಯವರ ಓಟಿನಿಂದ ಗೆಲ್ಲೋನು ಬೇರೆಯವರ ಚಮಚಾ ಆಗ್ತಾನೆ.

"ಹಾಗಾದ್ರೆ ಖರ್ಗೆನೂ ಚಮಚಾನೇ ಅಲ್ವಾ?" ಅಂತ ನೀವು ಕೇಳ್ತೀರಿ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು: ಕಾನ್ಶಿರಾಂ ಬೈದಿದ್ದು ಚಮಚಾಗಳನ್ನ ಮಾತ್ರ ಅಲ್ಲ, ಚಮಚಾಗಳನ್ನ ತಯಾರು ಮಾಡೋ ವ್ಯವಸ್ಥೆಯನ್ನ. ನಾವು ವ್ಯವಸ್ಥೆಯನ್ನ ಮರೆತು, ಅದರೊಳಗೆ 50 ವರ್ಷ ಉಸಿರು ಹಿಡ್ಕೊಂಡು ನಿಂತ ಮನುಷ್ಯನನ್ನ ಮಾತ್ರ ಬೈತೀವಿ. ಅದು ಸುಲಭ. ಅದಕ್ಕೆ ಲೈಕೂ ಜಾಸ್ತಿ ಬರುತ್ತೆ.

ಇನ್ನೊಂದು. ಕುರ್ಚಿ ಮೇಲೆ ಕೂರಿಸಿದವರ ಲೆಕ್ಕ ಯಾವಾಗಲೂ ಸರಿ ಹೋಗುತ್ತೆ ಅನ್ಕೊಂಡಿದ್ದೀರಾ? ಇದೇ ಕಾಂಗ್ರೆಸ್ಸಿಗೆ ಕರ್ನಾಟಕದಿಂದ ಹಿಂದೆ ಅಧ್ಯಕ್ಷರಾಗಿದ್ದವರು ಪಕ್ಕದ ಚಿತ್ರದುರ್ಗದ ನಿಜಲಿಂಗಪ್ಪನವರು. 1969ರ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಗೆ ಹಾಕಿದರು. ಸರಿಯೋ ತಪ್ಪೋ ಬೇರೆ ಮಾತು, ಆ ಕುರ್ಚಿಗೆ ಅಷ್ಟು ತಾಕತ್ತಿತ್ತು. ಪಕ್ಷಕ್ಕೆ 2022ರ ಈ ಚುನಾವಣೆಯವರೆಗೆ ಇಬ್ಬರು ದಲಿತ ಅಧ್ಯಕ್ಷರು. 1962ರಲ್ಲಿ ಸಂಜೀವಯ್ಯ, 1970ರ ಹೊತ್ತಿಗೆ ಬಾಬು ಜಗಜೀವನ್ ರಾಂ. ಜಗಜೀವನ್ ರಾಂ ಅವರನ್ನೂ ಇಂದಿರಾ ಕೈಗೊಂಬೆ ಅಂತಲೇ ಅಂತಿದ್ರು. ತುರ್ತು ಪರಿಸ್ಥಿತಿಯ ನಿರ್ಣಯವನ್ನ ಲೋಕಸಭೆಯಲ್ಲಿ ಮಂಡಿಸಿದ ಕಳಂಕವೂ ಅವರ ಮೇಲಿದೆ. ಆದ್ರೆ 1977ರ ಫೆಬ್ರವರಿಯಲ್ಲಿ ರಾಜೀನಾಮೆ ಬಿಸಾಕಿ ಹೊರಗೆ ಬಂದರಲ್ಲ, ಆ ಏಟಿಗೆ ಇಂದಿರಾ ಗಾಂಧಿ ಆ ಚುನಾವಣೆಯಲ್ಲಿ ಚೇತರಿಸ್ಕೊಳ್ಳಲಿಲ್ಲ. ಅದಾದ ಮೇಲೂ ಪ್ರಧಾನಿ ಆಗಿದ್ದು ಮೊರಾರ್ಜಿ ದೇಸಾಯಿ. ಜಗಜೀವನ್ ರಾಂ ಒಳಗಿದ್ದಾಗ ಕೈಗೊಂಬೆ ಅನ್ನಿಸ್ಕೊಂಡರು, ಹೊರಗೆ ಬಂದಾಗ ಪ್ರಧಾನಿ ಪಟ್ಟಕ್ಕೆ ಬೇಡ ಅನ್ನಿಸ್ಕೊಂಡರು. ನಾವು ಆ ಲೇಬಲ್ಲನ್ನ ನಮ್ಮ ಕೈಯಾರೆ ಇನ್ನೊಬ್ಬರ ಹಣೆಗೆ ಅಂಟಿಸಬೇಕಾ?

ಸರಿ, ರಾಜಕೀಯ ಲೆಕ್ಕಾಚಾರ ಬಿಡಿ. ನನಗೆ ಖರ್ಗೆಯವರ ಮೇಲೆ ಅಭಿಮಾನ ಬರೋಕೆ ಒಂದು ಸ್ವಂತ ಕಾರಣ ಇದೆ.

ಗುಬ್ಬಿ ತಾಲ್ಲೂಕಿನ ನಮ್ಮೂರ ಪ್ರೈಮರಿ ಸ್ಕೂಲಲ್ಲಿ ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಕುಣಿಗಲ್ ಕಡೆಯವರು, ನಮ್ಮವರೇ. ಕೇರಿ ಮಕ್ಕಳನ್ನ ಹಿಂದಿನ ಸಾಲಿಂದ ಎಬ್ಬಿಸಿ ಮುಂದೆ ಕೂರಿಸಿದ ಮೊದಲ ಮನುಷ್ಯ. ಮಧ್ಯಾಹ್ನ ಊರೊಳಗಿಂದ ಅವರಿಗೆ ನೀರು ಬರ್ತಿರಲಿಲ್ಲ, ಮನೆಯಿಂದ ಕ್ಯಾನು ತರ್ತಿದ್ರು. ನಮಗೂ ಅದರಲ್ಲೇ ಕುಡಿಸ್ತಿದ್ರು. ಈಗ ರಿಟೈರ್ ಆಗಿ ಕುಣಿಗಲ್‌ನಲ್ಲೇ ಇದ್ದಾರೆ. ಖರ್ಗೆ ನಾಮಪತ್ರ ಹಾಕಿದ ವಾರ ಹೋಗಿ ಮಾತಾಡಿಸ್ಕೊಂಡು ಬಂದೆ.

1976ರಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಖರ್ಗೆಯವರು ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದ್ರು. ಖಾಲಿ ಬಿದ್ದಿದ್ದ ಪರಿಶಿಷ್ಟ ಜಾತಿ, ಪಂಗಡದ ಬ್ಯಾಕ್‌ಲಾಗ್ ಶಿಕ್ಷಕರ ಹುದ್ದೆ ಹದಿನಾರು ಸಾವಿರಕ್ಕೂ ಜಾಸ್ತಿ ಆಗ ನೇರ ನೇಮಕದಲ್ಲಿ ತುಂಬಿದವು. ನಮ್ಮ ಮೇಷ್ಟ್ರು ಆ ಹದಿನಾರು ಸಾವಿರದಲ್ಲಿ ಒಬ್ಬರು. "ಹಾಗಾದ್ರೆ ಖರ್ಗೆಯವರು ಕೆಲಸ ಕೊಟ್ರು ಅನ್ನಿ ಸಾ" ಅಂದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನ ನೋಡಿದ್ರು. "ಲೋ, ನಂಗೆ ಕೆಲಸ ಕೊಟ್ಟಿದ್ದು ಸಂವಿಧಾನ ಕಣಪ್ಪ. ಆದ್ರೆ ಆ ಫೈಲ್ ಮೇಲೆ ಇಪ್ಪತ್ತೈದು ವರ್ಷದ ಧೂಳು ಕೂತಿತ್ತು. ಕೊಡವೋಕೆ ನಮ್ಮೋನೇ ಒಬ್ಬ ಬರಬೇಕಾಯ್ತು. ಅಷ್ಟೇ."

ನನ್ನ ಬೆಂಬಲದ ಅರ್ಥ ಪೂರ್ತಿ ಆ ಮಾತಲ್ಲಿದೆ. ಖರ್ಗೆ ನಮಗೆ ಏನೂ ದಾನ ಮಾಡಿಲ್ಲ, ಮಾಡೋದೂ ಬೇಡ. ಹಕ್ಕು ನಮ್ಮದು. ಆ ಹಕ್ಕಿನ ಫೈಲು ಯಾರ ಟೇಬಲ್ ಮೇಲೆ ಇದೆ ಅನ್ನೋದು ಮಾತ್ರ ಮುಖ್ಯ ಆಗುತ್ತೆ. ಯಾರಿದ್ರೂ ಒಂದೇ ಅನ್ನೋರು ಅರ್ಜಿ ಹಿಡ್ಕೊಂಡು ಯಾವತ್ತೂ ಕ್ಯೂನಲ್ಲಿ ನಿಂತಿರಲ್ಲ.

ತರೂರ್ ಅವರ ಪರ ಇರೋ ಗೆಳೆಯರಿಗೆ ಎರಡು ಮಾತು. ತರೂರ್ ಮೇಲೆ ನನಗೆ ದ್ವೇಷ ಇಲ್ಲ. ಸ್ಪರ್ಧೆ ಸಮಾನವಾಗಿಲ್ಲ, ಎಷ್ಟೋ ರಾಜ್ಯದಲ್ಲಿ ಪಕ್ಷದ ಮುಖಂಡರು ತಮ್ಮನ್ನ ಭೇಟಿ ಮಾಡೋಕೂ ಬರಲಿಲ್ಲ ಅಂತ ಅವರು ಹೇಳಿದ್ದಾರೆ. ಅವರು ನಿಲ್ಲದೇ ಇದ್ದಿದ್ರೆ ಈ ಚುನಾವಣೆಯೇ ನಡೀತಿರಲಿಲ್ಲ, ಅದಕ್ಕೆ ಅವರಿಗೆ ಸಲಾಂ. ದೆಹಲಿಯ ಅಧಿಕಾರ ಕೆಳಗೆ ಹಂಚಬೇಕು ಅಂತ ಪ್ರಣಾಳಿಕೆಯಲ್ಲಿ ಬರೆದಿದ್ದಾರೆ, ಒಳ್ಳೇದೇ. ನನ್ನ ಪ್ರಶ್ನೆ ಒಂದೇ. ನಿಮ್ಮ ಕಣ್ಣಿಗೆ "ಬದಲಾವಣೆ" ಅಂದ್ರೆ ಯಾವಾಗಲೂ ಒಳ್ಳೆ ಇಂಗ್ಲಿಷ್ ಮಾತಾಡೋ ಮುಖವೇ ಯಾಕೆ ಕಾಣುತ್ತೆ? ವರವಟ್ಟಿಯಿಂದ ಹೊರಟು, ಬೂತ್ ಮಟ್ಟದಿಂದ ಬ್ಲಾಕು, ಬ್ಲಾಕಿಂದ ಜಿಲ್ಲೆ ಅಂತ ಹತ್ತಿ ಬಂದವನು "ಹಳೇ ವ್ಯವಸ್ಥೆ", ವಿಶ್ವಸಂಸ್ಥೆಯಿಂದ ನೇರ ಲೋಕಸಭೆಗೆ ಇಳಿದವರು "ಹೊಸ ಗಾಳಿ". ಈ ಅಳತೆಗೋಲು ಎಲ್ಲಿ ಮಾಡಿಸಿದ್ದು ಸ್ವಾಮಿ?

2008ರಲ್ಲಿ ಒಬಾಮ ನಿಂತಾಗ ಅಲ್ಲೂ ಇದೇ ನಡೀತು. ಶುರುವಿನಲ್ಲಿ ಕಪ್ಪು ಜನರಲ್ಲೇ ಬಹಳಷ್ಟು ಮಂದಿ ಹಿಲರಿ ಕ್ಲಿಂಟನ್ ಪರ ಇದ್ರು. ಬಿಳಿಯರು ಇವನಿಗೆ ಎಲ್ಲಿ ಓಟು ಹಾಕ್ತಾರೆ ಅನ್ನೋ ಅನುಮಾನ. ಬಿಳಿಯರೇ ತುಂಬಿರೋ ಅಯೋವಾದಲ್ಲಿ ಗೆದ್ದ ಮೇಲೆ ನಂಬಿಕೆ ಬಂತು. ನಮ್ಮವರು ಗೆಲ್ಲಲ್ಲ ಅಂತ ಎಲ್ಲರಿಗಿಂತ ಮುಂಚೆ ನಂಬೋರು ನಾವೇ. ಗೆದ್ದ ಮೇಲೆ ಒಬಾಮ ಎಲ್ಲ ಸರಿ ಮಾಡಿದ್ರಾ? ಇಲ್ಲ. ಅಲ್ಲಿನ ಕಪ್ಪು ಹುಡುಗರು ಪೊಲೀಸರ ಗುಂಡಿಗೆ ಬಿದ್ದಾಗ ಅದೇ ಅಧ್ಯಕ್ಷರನ್ನ ಬೀದಿಯಲ್ಲಿ ನಿಂತು ಕೇಳಿದ್ರು. ಎರಡೂ ಮಾಡಬೇಕು. ಗೆಲ್ಲಿಸಲೂಬೇಕು, ಕೇಳಲೂಬೇಕು.

ಇನ್ನು ನಮ್ಮೊಳಗಿನ ಮಾತು. ಇದನ್ನ ಪಬ್ಲಿಕ್ಕಾಗಿ ಬರೀಬೇಡ ಅಂದೋರಿದ್ದಾರೆ, ಆದ್ರೂ ಬರೀತೀನಿ. ನಾನು ಮಾದಿಗರ ಕೇರಿಯವನು. "ಖರ್ಗೆ ಬಲಗೈಯವರು, ನಿಂಗ್ಯಾಕೆ ಅಷ್ಟು ಉಮೇದು? ಸದಾಶಿವ ಆಯೋಗದ ವರದಿ 2012ರಲ್ಲಿ ಕೊಟ್ಟಿದ್ದು ಹತ್ತು ವರ್ಷದಿಂದ ಕೊಳೀತಾ ಇದೆ, ಅವರು ಏನು ಮಾಡಿದ್ರು?" ಅಂತ ಗುಬ್ಬಿಯ ತಮ್ಮಂದಿರು ಫೋನ್ ಮಾಡಿ ಜಗಳ ಆಡಿದ್ರು. ನಿಮ್ಮ ಸಿಟ್ಟು ನನ್ನ ಸಿಟ್ಟೂ ಹೌದು ಕಣ್ರಪ್ಪ. ಒಳಮೀಸಲಾತಿ ನಮ್ಮ ಪ್ರಾಣದ ಪ್ರಶ್ನೆ. ಖರ್ಗೆಯವರು ಆ ಬಗ್ಗೆ ಅಡ್ಡಗೋಡೆ ಮೇಲೆ ದೀಪ ಇಡದೆ ನೇರವಾಗಿ ಮಾತಾಡಬೇಕು, ಅದನ್ನ ಕೆಳಗೆ ಬರೆದಿದ್ದೀನಿ. ಆದ್ರೆ ನಮ್ಮ ಪಾಲು ಕೇಳೋದು ಬೇರೆ, ಅಣ್ಣ ಮೇಲೆ ಹತ್ತಿದ ಅಂತ ಏಣಿ ಎಳೆಯೋದು ಬೇರೆ. ಪಾಲು ಕೇಳೋಕೆ ಮನೆಯಲ್ಲಿ ಏನಾದ್ರೂ ಇರಬೇಕಲ್ಲ?

ಬಾಬಾಸಾಹೇಬರು ಕಾಂಗ್ರೆಸ್ಸನ್ನ ಉರಿಯೋ ಮನೆ ಅಂದಿದ್ರು ಅಂತ ಕಾಮೆಂಟ್ ಹಾಕೋರಿಗೂ ಉತ್ತರ ಕೊಡಬೇಕು. 1952ರಲ್ಲಿ ಮುಂಬೈಯಲ್ಲಿ, 1954ರಲ್ಲಿ ಭಂಡಾರದಲ್ಲಿ ಅವರನ್ನ ಸೋಲಿಸಿದ್ದು ಇದೇ ಪಕ್ಷ ಅನ್ನೋದನ್ನ ನಾನು ಮರೆತಿಲ್ಲ. ನಾನು ಆ ಮನೆ ಒಳಗೆ ಹೋಗ್ತಿಲ್ಲ, ಬೀದಿಯಲ್ಲೇ ಇದ್ದೀನಿ. ಆದ್ರೆ ಇನ್ನು ಆರೇಳು ತಿಂಗಳಿಗೆ ರಾಜ್ಯದ ಚುನಾವಣೆ. ದೊಡ್ಡ ವಿರೋಧ ಪಕ್ಷದ ಬಿ-ಫಾರಂ ಯಾರ ಸಹಿಯ ಪಕ್ಷದಿಂದ ಬರುತ್ತೆ ಅನ್ನೋದು ಕೇರಿಗೆ ಸಂಬಂಧ ಇಲ್ಲದ ವಿಷಯ ಅಂತ ಮಾತ್ರ ಹೇಳಬೇಡಿ.

ಈಗ ನನಗೆ ಬರೆಯೋಕೆ ಕಷ್ಟ ಆಗೋ ಭಾಗ.

2000ನೇ ಇಸವಿ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಮನೆಗೆ ಬೆಂಕಿ ಹಚ್ಚಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಆಗ ರಾಜ್ಯದ ಗೃಹಮಂತ್ರಿ ಯಾರು? ಖರ್ಗೆಯವರೇ. ಬೆಂಕಿಗೆ ತಾಯಿಯನ್ನ ಕಳ್ಕೊಂಡಿದ್ದ ಮನುಷ್ಯ ಗೃಹಮಂತ್ರಿ ಆಗಿದ್ದಾಗಲೇ ಹೀಗಾಯ್ತು. 2006ರಲ್ಲಿ ಕೋರ್ಟಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟಲ್ಲೂ ಅದೇ ನಿಂತಿತು. ಖುಲಾಸೆ ಆದ ಹೊತ್ತಿಗೆ ಅವರು ಮಂತ್ರಿ ಆಗಿರಲಿಲ್ಲ, ನಿಜ. ಆದ್ರೆ ತನಿಖೆ ಶುರುವಾಗಿದ್ದು ಅವರ ಇಲಾಖೆಯಲ್ಲಿ. ಏಳು ಜನ ಸತ್ತರು, ಕೊಂದೋರು ಯಾರೂ ಇಲ್ಲ. ನಮ್ಮವರು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ನ್ಯಾಯ ಸಿಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬೇಡ. ಹಾಗಾಗಿ ನಾನು ಖರ್ಗೆಯವರ ಫೋಟೋಗೆ ಹಾರ ಹಾಕ್ತಿಲ್ಲ. 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನ: ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ. ಆ ಎಚ್ಚರಿಕೆ ಮೋದಿ ಭಕ್ತರಿಗೆ ಮಾತ್ರ ಅಲ್ಲ, ನಮಗೂ. ಅವರಿಗೆ 80 ವರ್ಷ ಅನ್ನೋದು ಗೊತ್ತು. ಮಗ ಪ್ರಿಯಾಂಕ್ ಶಾಸಕ, ಮಂತ್ರಿಯಾಗಿದ್ದವರು ಅನ್ನೋದೂ ಗೊತ್ತು. ಕುಟುಂಬ ರಾಜಕಾರಣ ಅವರಿಗೂ ಅನ್ವಯಿಸುತ್ತೆ. ತಾನು ನಿಂತಿರೋದು ದಲಿತ ನಾಯಕ ಅಂತಲ್ಲ, ಕಾಂಗ್ರೆಸ್ಸಿಗನಾಗಿ ಅನ್ನೋ ಧಾಟಿಯಲ್ಲಿ ಅವರೇ ಮಾತಾಡಿದ್ದಾರೆ. ಅಲ್ಲಿ ಓಟು ಹಾಕೋರ ಮುಂದೆ ಅವರು ಹಾಗೇ ಹೇಳಬೇಕು. ನಾವು ಯಾಕೆ ಮುಜುಗರ ಪಡಬೇಕು?

ಬೆಂಬಲಿಸಿದವನಿಗೆ ಬೇರೆಯವರಿಗಿಂತ ಒಂದು ಹಕ್ಕು ಜಾಸ್ತಿ ಇರುತ್ತೆ, ಲೆಕ್ಕ ಕೇಳೋ ಹಕ್ಕು. ಮೊದಲ ದಿನದಿಂದ ರಬ್ಬರ್ ಸ್ಟಾಂಪ್ ಅಂದು ಕೈ ತೊಳ್ಕೊಂಡೋರು ನಾಳೆ ಯಾವ ಮುಖ ಇಟ್ಕೊಂಡು ಹೋಗಿ ಕೇಳ್ತಾರೆ? ರಬ್ಬರ್ ಸ್ಟಾಂಪನ್ನ ಯಾರಾದ್ರೂ ಪ್ರಶ್ನೆ ಕೇಳ್ತಾರಾ?

ಬುಧವಾರ 19ಕ್ಕೆ ಎಣಿಕೆ. ಗೆದ್ದರೆ ನಾವು ಕೇಳಬೇಕಾದ್ದು ಇಷ್ಟು.

ಒಂದು. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದಿದ್ದು 2013ರಲ್ಲಿ ಕಾಂಗ್ರೆಸ್ ಸರ್ಕಾರವೇ. ಅದರೊಳಗೆ 7ಡಿ ಅನ್ನೋ ಕಿಂಡಿ ಇಟ್ಟಿದ್ದೂ ಅದೇ ಸರ್ಕಾರ. ಕೇರಿಗೆ ಬರಬೇಕಾದ ದುಡ್ಡು ಆ ಕಿಂಡಿಯಲ್ಲಿ ಬೇರೆ ಕಾಮಗಾರಿಗೆ ಹರಿದು ಹೋಗಿದೆ. 7ಡಿ ಕಿತ್ತು ಹಾಕ್ತೀವಿ ಅಂತ 2023ರ ಪ್ರಣಾಳಿಕೆಯಲ್ಲಿ ಬರೆಸಬೇಕು.

ಎರಡು. 1978ರ ಪಿಟಿಸಿಎಲ್ ಕಾಯ್ದೆ. ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನ ಕಂಡಕಂಡೋರು ಬರೆಸ್ಕೊಂಡಿದ್ರೆ ವಾಪಸ್ ಕೊಡಿಸೋ ಕಾಯ್ದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ "ತಡವಾಗಿ ಬಂದಿದ್ದೀರಿ" ಅಂತ ಅರ್ಜಿಗಳು ವಜಾ ಆಗಿವೆ. ಕುಣಿಗಲ್ ಹೈವೇ ಪಕ್ಕ ಎಕರೆ ರೇಟು ಎಲ್ಲಿಗೆ ಹೋಗಿದೆ ಗೊತ್ತಲ್ಲ? ಅಜ್ಜನ ಹೆಬ್ಬೆಟ್ಟು ಒತ್ತಿಸ್ಕೊಂಡ ಜಮೀನಿಗೆ ಮೊಮ್ಮಗ ಎಸಿ ಕೋರ್ಟಿಗೆ ಅಲೀತಿದ್ದಾನೆ. ಕಾಲಮಿತಿ ಇಲ್ಲ ಅಂತ ಕಾಯ್ದೆಗೆ ತಿದ್ದುಪಡಿ ಬೇಕು.

ಮೂರು. ಸದಾಶಿವ ವರದಿ ಬಗ್ಗೆ ಪಕ್ಷದ ನಿಲುವು ಏನು ಅಂತ ರಾಷ್ಟ್ರೀಯ ಅಧ್ಯಕ್ಷರ ಬಾಯಿಂದಲೇ, ಒಂದೇ ವಾಕ್ಯದಲ್ಲಿ ಬರಬೇಕು.

ನಾಲ್ಕು. ಕಂಬಾಲಪಲ್ಲಿ ಮರೆತಿಲ್ಲ ಅನ್ನೋದನ್ನ ಅವರು ತೋರಿಸಬೇಕು. ಇದೇ ಏಪ್ರಿಲ್‌ನಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನ ಪೆದ್ದನಹಳ್ಳಿಯಲ್ಲಿ ಇಬ್ಬರು ದಲಿತ ಯುವಕರನ್ನ ಕೊಂದು ಹಾಕಿದರು. ಕಳೆದ ತಿಂಗಳು ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಇಂಥ ಕೇಸುಗಳು ಕೋರ್ಟಲ್ಲಿ ಬಿದ್ದು ಹೋಗದ ಹಾಗೆ ತನಿಖೆ, ಸಾಕ್ಷಿಗಳಿಗೆ ರಕ್ಷಣೆ, ಒಳ್ಳೆ ಸರ್ಕಾರಿ ವಕೀಲರು. ಅಧಿಕಾರಕ್ಕೆ ಬಂದ್ರೆ ಪಕ್ಷ ಇದನ್ನ ಹೇಗೆ ಮಾಡುತ್ತೆ ಅಂತ ಹೇಳಬೇಕು.

ಐದು. ಕರ್ನಾಟಕದಲ್ಲಿ ದಲಿತ ಮುಖ್ಯಮಂತ್ರಿ ಯಾವಾಗ? ಮೂರು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದವರೇ ಬಾಗಿಲು ಕಾಯೋ ಜಾಗದಲ್ಲಿ ಕೂತಾಗ ಈ ಪ್ರಶ್ನೆಗೆ ಉತ್ತರ ಬದಲಾಗಬೇಕು. ಬದಲಾಗದಿದ್ರೆ ಆಗ ನಾನೇ ಬರೀತೀನಿ, ಇದಕ್ಕಿಂತ ಉದ್ದದ ಪೋಸ್ಟು.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಟಿವಿಯಲ್ಲಿ ಖರ್ಗೆಯವರು ಬಂದ್ರು. ಅವ್ವ ರಾಗಿ ಆರಿಸ್ತಾ ಕೇಳ್ತು: "ಯಾರ್ಲಾ ಅವ್ರು? ದಿನಾ ಬತ್ತಾವ್ರೆ. ನಮ್ಮೋರಾ?"

"ಹೂಂ ಕಣವ್ವ, ನಮ್ಮೋರೇ. ದೊಡ್ಡ ಕುರ್ಚಿಗೆ ನಿಂತವ್ರೆ."

"ಗೆದ್ರೆ ನಮ್ಗೇನಾಯ್ತದೆ?"

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. "ಏನೂ ಆಗ್ದೇನೂ ಇರಬೋದು ಕಣವ್ವ. ಹೋಗಿ ಕೇಳಬೇಕು" ಅಂದೆ. ಅವ್ವ ಮೊರ ಕೊಡವಿ ಅಂದಿದ್ದು ಇಷ್ಟೇ: "ಕೇಳು ಮತ್ತೆ. ಕೇಳ್ದಿದ್ರೆ ಯಾರ್ ಕೊಡ್ತಾರೆ?"

ಈ ಐದು ಬೇಡಿಕೆಗಳ ಪತ್ರ ರೆಡಿ ಮಾಡ್ತಿದ್ದೀನಿ. ಯಾರು ಗೆದ್ದರೂ ಕಳಿಸೋದೇ. ಖರ್ಗೆ ಗೆದ್ದರೆ ಇನ್ನೂ ಜೋರಾಗಿ. ಗುರುವಾರ ಬೆಳಿಗ್ಗೆ ಗುಬ್ಬಿ, ಮಧ್ಯಾಹ್ನ ಕುಣಿಗಲ್, ಸಾಯಂಕಾಲ ಐದಕ್ಕೆ ತುಮಕೂರು ಟೌನ್‌ಹಾಲ್ ಸರ್ಕಲ್‌ನಲ್ಲಿ ಸಹಿ ತಗೋತೀನಿ. ಎಡಗೈ, ಬಲಗೈ, ಬೋವಿ, ಲಂಬಾಣಿ, ಎಲ್ಲರೂ ಬನ್ನಿ. ತರೂರ್ ಅಭಿಮಾನಿಗಳೂ ಬನ್ನಿ. ನನ್ನನ್ನ ಇಂಕ್ ಹಾಕೋನು ಅಂದ ಗೆಳೆಯನೂ ಬರಲಿ, ಮೊದಲ ಸಹಿ ಅವನದೇ ಆಗಲಿ.

ಜೈ ಭೀಮ್. ಜೈ ಸಂವಿಧಾನ.